ಕಪ್ಪೆ ಚರ್ಮದ ಪೆಪ್ಟೈಡ್‌ನಿಂದ ಗಾಯಕ್ಕೆ ಮುಲಾಮು: ಇನ್ನೂ ಯಾಕೆ ಬಂದಿಲ್ಲ?

ಮಳೆಹನಿ
ಅಪ್ಪನಿಗೆ ಶುಗರ್. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ ಐದು ತಿಂಗಳಾಯ್ತು. ದಿನಾ ಡ್ರೆಸ್ಸಿಂಗ್ ಮಾಡುವುದು ನಾನೇ. ಎರಡು ಕೋರ್ಸ್ ಆಂಟಿಬಯಾಟಿಕ್ ಮುಗಿದಿದೆ. ಎರಡನೇ ಸಲದ ಕಲ್ಚರ್ ರಿಪೋರ್ಟಿನಲ್ಲಿ ಔಷಧಿಗಳ ಹೆಸರಿನ ಮುಂದೆ ಸಾಲಾಗಿ 'ಆರ್', 'ಆರ್', 'ಆರ್' ಅಂತಿತ್ತು. ಅಂದ್ರೆ ಆ ಔಷಧಿಗಳಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಅಂತ. ಆ ಹಾಳೆ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅವತ್ತಿನಿಂದ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಕಪ್ಪೆಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್, ಅಂದ್ರೆ ಪ್ರೋಟೀನಿನ ಸಣ್ಣ ತುಂಡಿನಂಥದ್ದು, ಇದೆಯಂತೆ. ಅದನ್ನು ಆಧರಿಸಿ ಇದೇ ಥರದ ಕಾಲಿನ ಹುಣ್ಣಿಗೆ ಕ್ರೀಮ್ ಕೂಡ ಮಾಡಿದ್ದರಂತೆ. ಹಾಗಾದ್ರೆ ಅದು ಎಲ್ಲಿ ಹೋಯ್ತು? ಡಾಕ್ಟರುಗಳು ಯಾಕೆ ಬರೆದುಕೊಡಲ್ಲ? ಗೊತ್ತಿರುವವರು ದಯವಿಟ್ಟು ಹೇಳಿ.

ಗೂಡುದೀಪ
ಇನ್ನೇನು, ಕಂಪನಿಗಳು ಮುಚ್ಚಿಟ್ಟಿರ್ತವೆ. ಗಾಯ ಬೇಗ ವಾಸಿಯಾದರೆ ಅವರ ಮಾತ್ರೆ ತಗೊಳ್ಳೋರು ಯಾರು?

ಪೆಟ್ರಿತಟ್ಟೆ
@ಗೂಡುದೀಪ ಇಲ್ಲ, ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಬೇರೆ ಬೇರೆ ಎರಡು ಕಂಪನಿ ದುಡ್ಡು ಸುರಿದು ಕೊನೆಯ ಹಂತದ ಟ್ರಯಲ್‌ವರೆಗೂ ಹೋಗಿದ್ದವು. ಎರಡೂ ಸಲ ಗಡಿ ದಾಟಲಿಲ್ಲ. ಫಲಿತಾಂಶ ಎಲ್ಲರ ಕಣ್ಣೆದುರಿಗೇ ಇದೆ.

ಮಳೆಹನಿ, ನಾನು ಲ್ಯಾಬಿನಲ್ಲಿ ಇಂಥ ಪೆಪ್ಟೈಡ್‌ಗಳ ಮೇಲೆ ಕೆಲಸ ಮಾಡಿದವನು. ಮೊದಲಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಮೈಕೆಲ್ ಜಾಸ್ಲಾಫ್ ಅಂತ ವಿಜ್ಞಾನಿ. ಆಫ್ರಿಕಾದ ಉಗುರುಗಪ್ಪೆ, ಅಂದ್ರೆ ಜೆನೋಪಸ್, ಅದರ ಮೊಟ್ಟೆಗಳು ಅವರ ಪ್ರಯೋಗಕ್ಕೆ ಬೇಕಿತ್ತು. ಕಪ್ಪೆಯ ಹೊಟ್ಟೆ ಕೊಯ್ದು ಅಂಡಾಶಯ ತೆಗೆಯೋದು, ಹೊಲಿಗೆ ಹಾಕೋದು, ಮತ್ತೆ ಅದೇ ತೊಟ್ಟಿ ನೀರಿಗೆ ಬಿಡೋದು. ಆ ನೀರಿನಲ್ಲಿ ಕೊಳೆ, ಪಾಚಿ, ಬ್ಯಾಕ್ಟೀರಿಯಾ ಎಲ್ಲ ಇರುತ್ತೆ. ಆದರೂ ಹೊಲಿಗೆ ಕೀವಾಗುತ್ತಿರಲಿಲ್ಲ, ಗಾಯ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಇದು ಹೇಗೆ ಅಂತ ಹುಡುಕಿ ಹೊರಟಾಗ ಚರ್ಮದಲ್ಲಿ ಎರಡು ಪೆಪ್ಟೈಡ್ ಸಿಕ್ಕವು. ಎರಡರಲ್ಲೂ 23 ಅಮೈನೋ ಆಮ್ಲಗಳು (ಪೆಪ್ಟೈಡ್ ಸರಪಳಿಯ ಕೊಂಡಿಗಳು), ಅವುಗಳಲ್ಲಿ ಎರಡು ಮಾತ್ರ ಬೇರೆ. ಹೀಬ್ರೂ ಭಾಷೆಯಲ್ಲಿ ಗುರಾಣಿಗೆ 'ಮಗೇನ್' ಅಂತಾರೆ. ಅದರಿಂದ 'ಮೆಗೈನಿನ್' ಅಂತ ಹೆಸರಿಟ್ಟು 1987ರಲ್ಲಿ ಪ್ರಕಟಿಸಿದರು.

ಅದನ್ನೇ ತಿದ್ದಿ ಮಾಡಿದ್ದು ಪೆಕ್ಸಿಗನಾನ್. ನೀವು ಓದಿದ ಕ್ರೀಮ್ ಅದೇ ಇರಬೇಕು.

ಗದ್ದೆಬದು
ಒಂದು ಸೇರಿಸಲಾ? ಮೆಗೈನಿನ್ ಮೊದಲನೆಯದೇನಲ್ಲ. ಯುರೋಪಿನ ಹಳದಿ ಹೊಟ್ಟೆಯ ಬೊಂಬಿನಾ ಕಪ್ಪೆಯಿಂದ ಬೊಂಬಿನಿನ್ ಅನ್ನೋದು 1970ರ ಹೊತ್ತಿಗೇ ಸಿಕ್ಕಿತ್ತು. ಆಗ ಅದಕ್ಕೆ ಅಷ್ಟು ಗಮನ ಸಿಗಲಿಲ್ಲ. ಜಾಸ್ಲಾಫ್ ಕಾಲಕ್ಕೆ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಭಯ ಶುರುವಾಗಿತ್ತು, ಅದಕ್ಕೇ ದೊಡ್ಡ ಸುದ್ದಿ ಆಯ್ತು.

ಅರಳಿಮರ
ಹಾಗಾದ್ರೆ ಕಪ್ಪೆನೇ ಗಾಯದ ಮೇಲೆ ಇಟ್ಟರೆ ಆಗಲ್ವಾ? ಹಿಂದಿನ ಕಾಲದಲ್ಲಿ ರಷ್ಯಾದಲ್ಲಿ ಹಾಲು ಕೆಡಬಾರದು ಅಂತ ಹಾಲಿನೊಳಗೆ ಕಪ್ಪೆ ಬಿಡ್ತಿದ್ರು ಅಂತ ಓದಿದ್ದೆ.

ಹಳೇ ಸಿಸ್ಟರ್
ದಯವಿಟ್ಟು ಯಾರೂ ಹಾಗೆ ಮಾಡಬೇಡಿ!! ತೆರೆದ ಗಾಯಕ್ಕೆ ಕಪ್ಪೆ ಮುಟ್ಟಿಸೋದು ಅಂದ್ರೆ ಕೆರೆಯ ನೀರು ಸುರಿದ ಹಾಗೆ.

ಗದ್ದೆಬದು
ಸಿಸ್ಟರ್ ಹೇಳಿದ್ದು ಸರಿ. ಕಪ್ಪೆಯ ಮೈಮೇಲೆ ಸಾಲ್ಮೊನೆಲ್ಲಾ, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಇರಬಹುದು. ಅವು ಕಪ್ಪೆಗೆ ಏನೂ ಮಾಡದೆ ಇರಬಹುದು, ನಮಗೆ ಮಾಡುತ್ತವೆ.

@ಅರಳಿಮರ, ಹಾಲಿನ ವಿಷಯ ನೀವು ಹೇಳಿದ್ದು ನಿಜ. ಆ ಕಂದು ಕಪ್ಪೆಯನ್ನು, ರಾನಾ ಟೆಂಪೊರೇರಿಯಾ ಅಂತ, 2012ರಲ್ಲಿ ರಷ್ಯಾದ ವಿಜ್ಞಾನಿಗಳು ಪರೀಕ್ಷಿಸಿ 76 ಪೆಪ್ಟೈಡ್ ಗುರುತಿಸಿದ್ದರು. ಆದರೆ 76 ಅಂದರೆ ಏನು ಯೋಚನೆ ಮಾಡಿ. ಕಪ್ಪೆಯ ಸ್ರಾವ ಒಂದೇ ಔಷಧಿ ಅಲ್ಲ, ಒಂದು ದೊಡ್ಡ ಮಿಶ್ರಣ. ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲೋದೂ ಇರುತ್ತೆ, ರಕ್ತದೊತ್ತಡ ಇಳಿಸೋದೂ ಇರುತ್ತೆ, ಕರುಳು ಹಿಂಡೋದೂ ಇರುತ್ತೆ. ಅಮೆಜಾನ್‌ನಲ್ಲಿ 'ಕಾಂಬೋ' ಅಂತ ಒಂದು ಪದ್ಧತಿ. ಚರ್ಮ ಸುಟ್ಟು, ಆ ಜಾಗಕ್ಕೆ ದೊಡ್ಡ ಎಲೆಗಪ್ಪೆಯ ಸ್ರಾವ ಹಚ್ಚುತ್ತಾರೆ. ಕೆಲವೇ ನಿಮಿಷದಲ್ಲಿ ವಾಂತಿ, ಎದೆ ಬಡಿತ, ಮುಖ ಊತ. ಜನ ಸತ್ತದ್ದೂ ಇದೆ.

ಅರಳಿಮರ
ಸರಿ ಸರಿ, ಗೊತ್ತಾಯ್ತು. ಕೇಳಿದ್ದು ಒಳ್ಳೇದೇ ಆಯ್ತು. ಇನ್ನೊಂದು ಅನುಮಾನ: ಲ್ಯಾಬಿಗೆ ಈ ಸ್ರಾವ ತೆಗೆಯೋಕೆ ಕಪ್ಪೆನ ಕೊಲ್ತಾರಾ?

ಗದ್ದೆಬದು
ಹಿಂದೆ ಚರ್ಮ ಸುಲಿದು ಒಣಗಿಸಿ ತೆಗೆಯುತ್ತಿದ್ದರು. ಈಗ ಬೇಕಿಲ್ಲ. ನಾರ್‌ಅಡ್ರಿನಲಿನ್ ಚುಚ್ಚುತ್ತಾರೆ, ಇಲ್ಲವೇ ತುಂಬಾ ಮೆಲ್ಲಗೆ ಕರೆಂಟ್ ಮುಟ್ಟಿಸುತ್ತಾರೆ. ನಾನು ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕಿ ಎದ್ದವು, ಬೆವರು ಒಡೆದ ಹಾಗೆ. ನೋಡ್ತಾ ನೋಡ್ತಾ ಎಲ್ಲ ಕೂಡಿ ಗಟ್ಟಿ ಹಾಲಿನ ನೊರೆಯ ಥರ ಆಯ್ತು. ನೀರಿನಲ್ಲಿ ತೊಳೆದು ಅದನ್ನು ಹಿಡಿದುಕೊಂಡರು. ಕಪ್ಪೆಯನ್ನು ವಾಪಸ್ ತೊಟ್ಟಿಗೆ ಬಿಟ್ಟರು. ಅದು ಒಂದು ಮೂಲೆಗೆ ಹೋಗಿ ಕೂತಿತು. ಗ್ರಂಥಿಗಳು ಮತ್ತೆ ತುಂಬಿಕೊಳ್ಳೋಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು.

ಅದೂ ಒಂದು ಸಲ ಪೆಪ್ಟೈಡ್‌ನ ಅಮೈನೋ ಆಮ್ಲಗಳ ಸಾಲು ಗೊತ್ತಾದರೆ ಆಮೇಲೆ ಕಪ್ಪೆಯೇ ಬೇಡ. ಯಂತ್ರದಲ್ಲೇ ಕಟ್ಟಬಹುದು.

ಲೈಸಿನ್‌ಸರಪಳಿ
ಆ ಕಟ್ಟೋ ಕೆಲಸ ನನ್ನದು, ಅದಕ್ಕೇ ಎರಡು ಮಾತು.

ರಸಾಯನ ವಿಜ್ಞಾನಿ ಮೆರಿಫೀಲ್ಡ್ 1963ರಲ್ಲಿ ತೋರಿಸಿಕೊಟ್ಟ ವಿಧಾನವೇ ಇವತ್ತಿಗೂ ಮೂಲ. 1984ರಲ್ಲಿ ಅವರಿಗೆ ಅದಕ್ಕೇ ನೊಬೆಲ್ ಬಂತು. ಸಣ್ಣ ರಾಳದ ಮಣಿಗಳ ಮೇಲೆ ಒಂದೊಂದೇ ಅಮೈನೋ ಆಮ್ಲ ಪೋಣಿಸುತ್ತಾ ಹೋಗಬೇಕು. ಪ್ರತಿ ಸಲ ತೊಳೆಯಬೇಕು, ಸರಪಳಿಯ ತುದಿಗೆ ಹಾಕಿದ ರಕ್ಷಣೆಯ ಮುಚ್ಚಳ ತೆಗೆಯಬೇಕು, ಮುಂದಿನದನ್ನು ಕೂಡಿಸಬೇಕು. ಪೆಕ್ಸಿಗನಾನ್‌ಗೆ 22 ಅಮೈನೋ ಆಮ್ಲ, ಅಂದ್ರೆ 21 ಜೋಡಣೆ. ಪ್ರತಿ ಜೋಡಣೆ 99% ಸರಿಯಾದರೆ ಕೊನೆಗೆ ಸುಮಾರು 81% ಸರಿಯಾದ ಪೆಪ್ಟೈಡ್ ಸಿಗುತ್ತೆ. ಅದೇ 95% ಆದರೆ? ಬರೀ 34%. ಉಳಿದದ್ದು ಮಧ್ಯದಲ್ಲಿ ಒಂದು ಕೊಂಡಿ ತಪ್ಪಿದ ಸರಪಳಿಗಳು. ಅವನ್ನೆಲ್ಲ ಬೇರೆ ಮಾಡಿ ಎಸೆಯಬೇಕು. ದುಬಾರಿ ಆಗೋದು ಅಲ್ಲೇ. ಪೆನಿಸಿಲಿನ್ ಥರ ಬೂಸ್ಟು ಬೆಳೆಸಿ ದೊಡ್ಡ ತೊಟ್ಟಿಯಲ್ಲಿ ತೆಗೆಯೋ ಹಾಗಿಲ್ಲ. ಬ್ಯಾಕ್ಟೀರಿಯಾ ಒಳಗೆ ಮಾಡಿಸೋಣ ಅಂದ್ರೆ, ತನ್ನನ್ನೇ ಕೊಲ್ಲೋ ವಿಷ ಅದು ಯಾಕೆ ಮಾಡಿಕೊಡುತ್ತೆ? ಬೇರೆ ಪ್ರೋಟೀನ್‌ಗೆ ಅಂಟಿಸಿ, ಹಲ್ಲು ಕಿತ್ತ ಹಾವಿನ ಥರ ಮಾಡಿ ಬೆಳೆಸಬೇಕು, ಆಮೇಲೆ ಕತ್ತರಿಸಬೇಕು.

ಬೆಳ್ಳಿಚುಕ್ಕಿ
ಬ್ಯಾಕ್ಟೀರಿಯಾನ ಕೊಲ್ಲುತ್ತೆ ಅಂದ್ರೆ ನಮ್ಮ ಜೀವಕೋಶಗಳನ್ನೂ ಕೊಲ್ಲಬೇಕಲ್ವಾ? ಅದಕ್ಕೆ ಹೇಗೆ ಗೊತ್ತಾಗುತ್ತೆ ಯಾರು ಯಾರು ಅಂತ?

ಪೆಟ್ರಿತಟ್ಟೆ
ಒಳ್ಳೇ ಪ್ರಶ್ನೆ. ಎಲ್ಲ ವಿದ್ಯುತ್ ಚಾರ್ಜಿನ ಆಟ. ಈ ಪೆಪ್ಟೈಡ್‌ಗಳಿಗೆ ಧನ ಚಾರ್ಜ್ ಜಾಸ್ತಿ. ಬ್ಯಾಕ್ಟೀರಿಯಾದ ಹೊರಮೈಗೆ ಋಣ ಚಾರ್ಜ್ ಜಾಸ್ತಿ. ಹೋಗಿ ಅಂಟಿಕೊಳ್ಳುತ್ತೆ. ನಮ್ಮ ಜೀವಕೋಶದ ಹೊರಪದರ ಹೆಚ್ಚುಕಮ್ಮಿ ತಟಸ್ಥ, ಜೊತೆಗೆ ಪೊರೆಯಲ್ಲಿ ಕೊಲೆಸ್ಟರಾಲ್ ಇರುತ್ತೆ, ಅದು ಪೊರೆಯನ್ನು ಬಿಗಿಯಾಗಿ ಇಡುತ್ತೆ.

ಮೆಗೈನಿನ್ ನೀರಿನಲ್ಲಿ ಇರುವಾಗ ಸಡಿಲ ದಾರದ ಹಾಗೆ. ಬ್ಯಾಕ್ಟೀರಿಯಾ ಪೊರೆ ಮುಟ್ಟಿದ ತಕ್ಷಣ ಸುರುಳಿ ಸುತ್ತಿಕೊಳ್ಳುತ್ತೆ. ಆ ಸುರುಳಿಯ ಒಂದು ಬದಿಗೆ ಎಣ್ಣೆ ಇಷ್ಟ, ಇನ್ನೊಂದು ಬದಿಗೆ ನೀರು ಇಷ್ಟ. ಎಣ್ಣೆ ಬದಿ ಪೊರೆಯೊಳಗೆ ಹೂತುಕೊಳ್ಳುತ್ತೆ. ಹೀಗೆ ತುಂಬಾ ಸೇರಿದಾಗ ಪೊರೆ ಬಾಗಿ ತೂತಾಗುತ್ತೆ, ಒಳಗಿನದೆಲ್ಲ ಸೋರಿಹೋಗುತ್ತೆ. ಕೆಲವೇ ನಿಮಿಷದ ಕೆಲಸ.

ಪೆಕ್ಸಿಗನಾನ್ ಮಾಡಿದವರು ಈ ಚಾರ್ಜನ್ನೇ ಏರಿಸಿದರು. ಲೈಸಿನ್ ಅನ್ನೋದು ಧನ ಚಾರ್ಜ್ ಇರುವ ಅಮೈನೋ ಆಮ್ಲ. ಎರಡು ಮೆಗೈನಿನ್‌ಗಳಲ್ಲಿ ಎರಡನೆಯದಾದ ಮೆಗೈನಿನ್ 2ರಲ್ಲಿ ಅದು 4 ಇದ್ದರೆ ಪೆಕ್ಸಿಗನಾನ್‌ನಲ್ಲಿ 9.

ಲೈಸಿನ್‌ಸರಪಳಿ
ಆದರೆ ಅತಿಯಾಗಿ ತಿದ್ದಿದರೆ ಕೆಂಪು ರಕ್ತಕಣವೂ ಒಡೆಯೋಕೆ ಶುರುವಾಗುತ್ತೆ. ಎಣ್ಣೆ ಇಷ್ಟಪಡೋ ಬದಿಯನ್ನು ದೊಡ್ಡದು ಮಾಡಿದರೆ ಇನ್ನೂ ಜಾಸ್ತಿ. ರಕ್ತಕ್ಕೆ ಚುಚ್ಚೋ ಬದಲು ಮೇಲೆ ಹಚ್ಚೋ ಮುಲಾಮಿಗೆ ಎಲ್ಲರೂ ಗಂಟುಬಿದ್ದಿರೋದು ಅದಕ್ಕೇ.

ಗೂಡುದೀಪ
ಇಷ್ಟೆಲ್ಲ ಚೆನ್ನಾಗಿದ್ದ ಮೇಲೂ ಯಾಕೆ ಪಾಸ್ ಆಗಲಿಲ್ಲ ಅಂತ ಇನ್ನೂ ಯಾರೂ ಹೇಳಲಿಲ್ಲ. ನನ್ನ ಅನುಮಾನ ಹಾಗೇ ಇದೆ.

ಪೆಟ್ರಿತಟ್ಟೆ
ಬರ್ತಿದ್ದೀನಿ.

ಮೊದಲ ಸುತ್ತಿನಲ್ಲಿ, ಸೋಂಕು ತಗುಲಿದ ಕಾಲಿನ ಹುಣ್ಣಿದ್ದ 835 ಮಧುಮೇಹಿಗಳು. ಅರ್ಧ ಜನಕ್ಕೆ ಪೆಕ್ಸಿಗನಾನ್ ಕ್ರೀಮ್ ಜೊತೆ ಸುಳ್ಳು ಮಾತ್ರೆ, ಅಂದ್ರೆ ಔಷಧಿ ಇಲ್ಲದ್ದು. ಉಳಿದ ಅರ್ಧಕ್ಕೆ ಆಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಜೊತೆ ಸುಳ್ಳು ಕ್ರೀಮ್. ಎರಡೂ ಕಡೆ ಸುಮಾರು 85ರಿಂದ 90% ಜನಕ್ಕೆ ವಾಸಿಯಾಯ್ತು ಅಥವಾ ಸುಧಾರಿಸಿತು. ಆಫ್ಲಾಕ್ಸಸಿನ್ ತಗೊಂಡ ಕೆಲವರಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿಕೊಂಡವು. ಪೆಕ್ಸಿಗನಾನ್ ಕಡೆ ಹಾಗೆ ಗಮನಿಸುವಷ್ಟು ಏನೂ ಆಗಲಿಲ್ಲ. ಆದರೂ 1999ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಡಲಿಲ್ಲ.

ಗೂಡುದೀಪ
ನೋಡಿ! ಮಾತ್ರೆಯಷ್ಟೇ ಚೆನ್ನಾಗಿ ಕೆಲಸ ಮಾಡಿದೆ, ಆದರೂ ಇಲ್ಲ ಅಂದ್ರು. ನಾನು ಹೇಳಿದ್ದು ಇದೇ ತಾನೆ?

ಹಳೇ ಸಿಸ್ಟರ್
ಇಲ್ಲ ಗೂಡುದೀಪ, ಸ್ವಲ್ಪ ತಡೀರಿ. ನಾನು ಹತ್ತೊಂಬತ್ತು ವರ್ಷ ಗಾಯದ ವಾರ್ಡಿನಲ್ಲಿದ್ದೆ. ಸೌಮ್ಯ ಸೋಂಕಿನ ಹುಣ್ಣು ಬಂದಾಗ ಮೊದಲು ಏನು ಮಾಡ್ತೀವಿ ಹೇಳಿ? ಸತ್ತ ಚರ್ಮ, ಸುತ್ತಲಿನ ಗಟ್ಟಿ ಆಣಿ ಎಲ್ಲ ಕೆರೆದು ತೆಗೀತೀವಿ. ತೊಳೀತೀವಿ. ಆ ಪಾದದ ಮೇಲೆ ಭಾರ ಬೀಳದ ಹಾಗೆ ಮಾಡ್ತೀವಿ. ಇಷ್ಟಕ್ಕೇ ಎಷ್ಟೋ ಹುಣ್ಣು ಸುಧಾರಿಸುತ್ತೆ, ಮುಲಾಮು ಯಾವುದೇ ಇರಲಿ. ಹಾಗಿರುವಾಗ ಕ್ರೀಮ್ ಹಚ್ಚಿದವರೂ ಮಾತ್ರೆ ತಗೊಂಡವರೂ ಒಂದೇ ಥರ ಸುಧಾರಿಸಿದರು ಅಂದ್ರೆ, ಅದು ಕ್ರೀಮಿನ ಗುಣವೋ ತೊಳೆದದ್ದರ ಗುಣವೋ ಅಂತ ಹೇಗೆ ಹೇಳ್ತೀರಾ?

ಪೆಟ್ರಿತಟ್ಟೆ
ಸಿಸ್ಟರ್ ಸರಿಯಾದ ಜಾಗಕ್ಕೇ ಕೈ ಇಟ್ಟರು. ಎರಡನೇ ಸುತ್ತಿನಲ್ಲಿ ಬೇರೊಂದು ಕಂಪನಿ ಇದನ್ನೇ ನೇರವಾಗಿ ಪರೀಕ್ಷಿಸಿತು. ಒಂದು ಕಡೆ ಪೆಕ್ಸಿಗನಾನ್ ಇರುವ ಕ್ರೀಮ್, ಇನ್ನೊಂದು ಕಡೆ ಔಷಧಿ ಇಲ್ಲದ ಅದೇ ಕ್ರೀಮ್. ಎರಡು ದೊಡ್ಡ ಟ್ರಯಲ್. 2016ರಲ್ಲಿ ಫಲಿತಾಂಶ ಬಂತು: ಖಾಲಿ ಕ್ರೀಮಿಗಿಂತ ಮೇಲು ಅಂತ ತೋರಿಸೋಕೆ ಆಗಲಿಲ್ಲ.

ಅವತ್ತು ಆ ಸುದ್ದಿ ಓದಿ ನನಗೆ ನಿಜವಾಗಲೂ ಬೇಜಾರಾಗಿತ್ತು. ನಮ್ಮ ಕ್ಷೇತ್ರದವರು ಎಲ್ಲರೂ ಅದರ ಕಡೆ ನೋಡ್ತಿದ್ದೆವು.

ಗೂಡುದೀಪ
ಖಾಲಿ ಕ್ರೀಮಿನ ಜೊತೆ ಹೋಲಿಸಿದ್ದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಮುಚ್ಚಿಟ್ಟರು ಅಂದ ಮಾತು ವಾಪಸ್ ತಗೊಳ್ತೀನಿ. ಆದರೆ ತಟ್ಟೆಯಲ್ಲಿ ಕೊಲ್ಲೋದು ಗಾಯದಲ್ಲಿ ಯಾಕೆ ಕೊಲ್ಲಲ್ಲ?

ಪೆಟ್ರಿತಟ್ಟೆ
ನಾನು ಲ್ಯಾಬಿಗೆ ಸೇರಿದ ಹೊಸತರಲ್ಲಿ ಆದದ್ದು ಹೇಳ್ತೀನಿ. ಒಂದು ಪೆಪ್ಟೈಡ್ ಮಾಡಿದ್ದೆವು. ಸ್ಟ್ಯಾಫ್ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಒಂದು ಹನಿ ಇಟ್ಟು ರಾತ್ರಿ ಬಿಟ್ಟೆ. ಬೆಳಗ್ಗೆ ನೋಡಿದರೆ ಹನಿಯ ಸುತ್ತ ದೊಡ್ಡ ಉಂಗುರ, ಗಾಜಿನ ಹಾಗೆ ತಿಳಿ. ಅದರಾಚೆ ಮಾತ್ರ ಬ್ಯಾಕ್ಟೀರಿಯಾದ ಹಳದಿ ಪದರ. ಖುಷಿಯಿಂದ ಎಲ್ಲರಿಗೂ ತೋರಿಸಿಕೊಂಡು ಬಂದೆ. ನಮ್ಮ ಮೇಡಂ ಸುಮ್ನೆ ನೋಡಿ, 'ಈಗ ರಕ್ತದ ಸೀರಂ ಸೇರಿಸಿ ಮಾಡು' ಅಂದರು. ಮಾಡಿದೆ. ಮರುದಿನ ಉಂಗುರ ಹುಡುಕಬೇಕಾಯ್ತು. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಒಂದು ಸಣ್ಣ ಗೆರೆ ಕಾಣ್ತಿತ್ತು.

ಗಾಯ ಅಂದ್ರೆ ಇದೇ. ಅಲ್ಲಿ ಉಪ್ಪಿದೆ, ಅದು ಚಾರ್ಜಿನ ಸೆಳೆತವನ್ನು ಕುಗ್ಗಿಸುತ್ತೆ. ಸೀರಂ ಪ್ರೋಟೀನ್‌ಗಳಿವೆ, ಪೆಪ್ಟೈಡ್ ಅವಕ್ಕೇ ಅಂಟಿಕೊಂಡು ಕೂರುತ್ತೆ. ಕೀವಿನಲ್ಲಿ ಎಲಾಸ್ಟೇಸ್‌ನಂಥ ಕಿಣ್ವಗಳಿವೆ, ಅವು ಪೆಪ್ಟೈಡನ್ನು ತುಂಡು ತುಂಡು ಮಾಡುತ್ತವೆ. ಇದೆಲ್ಲದರ ಅಡಿಯಲ್ಲಿ ಬ್ಯಾಕ್ಟೀರಿಯಾ ಲೋಳೆಯ ಹೊದಿಕೆ ಹೊದ್ದು ಮಲಗಿರುತ್ತೆ, ಅದೇ ಬಯೋಫಿಲ್ಮ್. ಕಪ್ಪೆಯ ಒದ್ದೆ ಚರ್ಮದ ಮೇಲೆ ಇದಾವುದೂ ಈ ಮಟ್ಟಕ್ಕೆ ಇರಲ್ಲ. ಅದೂ ಅಲ್ಲದೆ ಕಪ್ಪೆ ಬೇಕಾದಾಗ ತಾಜಾ ಸ್ರಾವ ಬಿಡುತ್ತೆ, ಹತ್ತಾರು ಪೆಪ್ಟೈಡ್ ಒಟ್ಟಿಗೆ. ನಾವು ಒಂದನ್ನು ಮಾತ್ರ ತೆಗೆದು ಟ್ಯೂಬಿನಲ್ಲಿ ತುಂಬಿದ್ದೇವೆ.

ಲೈಸಿನ್‌ಸರಪಳಿ
ಕಿಣ್ವದ ಸಮಸ್ಯೆಗೆ ದಾರಿ ಇದೆ. ಅಮೈನೋ ಆಮ್ಲಗಳಲ್ಲಿ ಎಡಗೈ ರೂಪ, ಬಲಗೈ ರೂಪ ಅಂತ ಎರಡು. ದೇಹದ ಕಿಣ್ವಕ್ಕೆ ಒಂದು ಕೈಯದು ಮಾತ್ರ ಗೊತ್ತು. ಇನ್ನೊಂದು ಕೈಯದರಲ್ಲಿ ಕಟ್ಟಿದರೆ ಕತ್ತರಿಸೋಕೆ ಅದಕ್ಕೆ ಬರಲ್ಲ. ಮೆಗೈನಿನ್‌ಗೆ ಹೀಗೆ ಮಾಡಿ ನೋಡಿದ್ದಾರೆ. ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಹಾಗೇ ಉಳಿಯಿತು. ಪೊರೆಗೆ ಕೈ ಯಾವುದು ಅನ್ನೋದು ಮುಖ್ಯ ಅಲ್ಲ, ನೋಡಿ. ಆದರೆ ಕಚ್ಚಾ ವಸ್ತು ಇನ್ನೂ ದುಬಾರಿ.

ಟೆಂಪೊರಿನ್‌ಗಳ ಮೇಲೆ ನನಗೆ ಜಾಸ್ತಿ ಆಸೆ. ಆ ಹಾಲಿನ ಕಪ್ಪೆಯ ಪೆಪ್ಟೈಡ್‌ಗಳೇ ಅವು. ಟೆಂಪೊರಿನ್ ಎ 13 ಅಮೈನೋ ಆಮ್ಲ ಅಷ್ಟೆ, ಕಟ್ಟೋದು ಸುಲಭ. ಎಸ್ಕುಲೆಂಟಿನ್ ಅನ್ನೋ ಇನ್ನೊಂದು ಕಪ್ಪೆ ಪೆಪ್ಟೈಡ್‌ನ ಮೊದಲ 21 ಅಮೈನೋ ಆಮ್ಲದ ತುಂಡನ್ನು ಇಲಿಗಳ ಕಣ್ಣಿನ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸೋಂಕಿನ ಮೇಲೆ ಪರೀಕ್ಷಿಸಿ ಒಳ್ಳೆ ಫಲಿತಾಂಶ ಕಂಡಿದ್ದಾರೆ.

ಬೆಳ್ಳಿಚುಕ್ಕಿ
ಪಶ್ಚಿಮ ಘಟ್ಟದ ಕಪ್ಪೆಯಲ್ಲೂ ಏನೋ ಸಿಕ್ಕಿತ್ತಲ್ವಾ?

ಗದ್ದೆಬದು
ಹೌದು, ಉರುಮಿನ್. 2017ರಲ್ಲಿ ಬಂತು. ಉರುಮಿ ಅನ್ನೋ ಬಳುಕುವ ಕತ್ತಿಯ ಹೆಸರು ಇಟ್ಟಿದ್ದಾರೆ. ಆದರೆ ಅದು ಫ್ಲೂ ವೈರಸ್ಸಿಗೆ, ಅದರಲ್ಲೂ ಎಚ್1 ಗುಂಪಿಗೆ. ಗಾಯದ ಬ್ಯಾಕ್ಟೀರಿಯಾಕ್ಕೆ ಅಲ್ಲ.

ಇಲ್ಲೊಂದು ಮಾತು ಹೇಳಲೇಬೇಕು, ವಿಷಯ ಸ್ವಲ್ಪ ಆಚೆ ಹೋದರೂ ಸರಿ. ಕಪ್ಪೆ ಮತ್ತು ಅದರ ಬಳಗದ ಪ್ರಭೇದಗಳಲ್ಲಿ 10ಕ್ಕೆ 4 ಅಳಿವಿನ ಅಂಚಿನಲ್ಲಿವೆ. ಕಾಡು, ಗದ್ದೆ, ಹಳ್ಳ ಹೋಗ್ತಿದೆ. ಕೈಟ್ರಿಡ್ ಅನ್ನೋ ಶಿಲೀಂಧ್ರ ಅವುಗಳ ಚರ್ಮಕ್ಕೇ ಬಂದು ಕೊಲ್ತಿದೆ. ಇದೇ ಪೆಪ್ಟೈಡ್‌ಗಳು ಆ ಶಿಲೀಂಧ್ರದ ವಿರುದ್ಧವೂ ಕಪ್ಪೆಯ ರಕ್ಷಣೆ, ಆದರೆ ಎಲ್ಲ ಪ್ರಭೇದಕ್ಕೂ ಅದು ಸಾಕಾಗ್ತಿಲ್ಲ. ನಾವು ಇನ್ನೂ ಚರ್ಮ ಪರೀಕ್ಷಿಸದ ಎಷ್ಟೋ ಕಪ್ಪೆಗಳು ಹಾಗೇ ಹೋಗ್ತಿವೆ. ನನಗೆ ಇದು ಸಹಿಸೋಕಾಗಲ್ಲ.

ಅರಳಿಮರ
ಕೊನೆಯ ಅನುಮಾನ. ಈ ಪೆಪ್ಟೈಡ್‌ಗೆ ಬ್ಯಾಕ್ಟೀರಿಯಾ ಯಾವತ್ತೂ ಒಗ್ಗಿಕೊಳ್ಳಲ್ಲ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ನಿಜಾನಾ?

ಪೆಟ್ರಿತಟ್ಟೆ
ಪೂರ್ತಿ ನಿಜ ಅಲ್ಲ. ಪೊರೆಯನ್ನೇ ಬದಲಾಯಿಸೋದು ಕಷ್ಟ, ಹಾಗಾಗಿ ಒಗ್ಗಿಕೊಳ್ಳೋಕೆ ಆಗಲ್ಲ ಅಂತ ಮೊದಲು ವಾದ ಇತ್ತು. 2006ರಲ್ಲಿ ಪ್ರಯೋಗ ಮಾಡಿದರು. ಇ. ಕೋಲಿ ಮತ್ತು ಒಂದು ಜಾತಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಪೆಕ್ಸಿಗನಾನ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಬೆಳೆಸಿದರು. 600-700 ತಲೆಮಾರಿನಲ್ಲಿ ಒಗ್ಗಿಕೊಂಡವು. ಆ ಪ್ರಬಂಧದ ಲೇಖಕರಲ್ಲಿ ಜಾಸ್ಲಾಫ್ ಕೂಡ ಒಬ್ಬರು. ತಮ್ಮ ಸಂಶೋಧನೆಗೇ ವಿರುದ್ಧ ಬಂದ ಫಲಿತಾಂಶಕ್ಕೆ ಹೆಸರು ಹಾಕಿದರು, ಆ ವಿಷಯಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ.

ಸ್ಟ್ಯಾಫ್ ಅಂತೂ ತನ್ನ ಹೊರಮೈಗೆ ಅಲನೀನ್, ಲೈಸಿನ್ ಅಂಟಿಸಿಕೊಂಡು ಋಣ ಚಾರ್ಜ್ ಕಡಿಮೆ ಮಾಡಿಕೊಳ್ಳುತ್ತೆ. ನಮ್ಮ ದೇಹವೂ ಇಂಥ ಪೆಪ್ಟೈಡ್‌ಗಳನ್ನು ಮಾಡುತ್ತೆ, ಬಿಳಿ ರಕ್ತಕಣದ ಡಿಫೆನ್ಸಿನ್, ಬೆವರಿನ ಡರ್ಮ್ಸಿಡಿನ್. ಕಪ್ಪೆಯ ಔಷಧಿಗೆ ಒಗ್ಗಿಕೊಂಡ ಬ್ಯಾಕ್ಟೀರಿಯಾ ನಮ್ಮದಕ್ಕೂ ಒಗ್ಗಿಕೊಂಡರೆ ಏನು ಗತಿ? ಹಾಗಾಗಿ ಬೇಕಾಬಿಟ್ಟಿ ಹಚ್ಚೋ ಔಷಧಿ ಆಗಬಾರದು ಇದು.

ಲೈಸಿನ್‌ಸರಪಳಿ
ಆ ಭಯ ನಾನು ಒಪ್ಪಲ್ಲ. ಪಾಲಿಮಿಕ್ಸಿನ್ ಬಿ, ಬ್ಯಾಸಿಟ್ರಾಸಿನ್, ಗ್ರಾಮಿಸಿಡಿನ್ ಎಲ್ಲ ಪೆಪ್ಟೈಡ್‌ಗಳೇ, ಬ್ಯಾಕ್ಟೀರಿಯಾದಿಂದ ಸಿಕ್ಕವು. ಎಷ್ಟು ದಶಕದಿಂದ ಚರ್ಮದ ಮುಲಾಮಿನಲ್ಲಿ ಹಚ್ತಿದ್ದೀವಿ, ಇವತ್ತಿಗೂ ಕೆಲಸಕ್ಕೆ ಬರ್ತಿವೆ. ಮೇಲೆ ಹಚ್ಚುವಾಗ ರಕ್ತದಲ್ಲಿ ಸಿಗದಷ್ಟು ಗಟ್ಟಿ ಪ್ರಮಾಣ ಸಿಗುತ್ತೆ, ಒಗ್ಗಿಕೊಳ್ಳೋಕೆ ಸಮಯವೇ ಕೊಡಲ್ಲ.

ಪೆಟ್ರಿತಟ್ಟೆ
ಅಂಚಿನಲ್ಲಿ ಗಟ್ಟಿ ಇರಲ್ಲವಲ್ಲ, ಒಗ್ಗಿಕೊಳ್ಳೋದು ಅಲ್ಲೇ. ಹೋಗಲಿ, ಇದು ನಮ್ಮಿಬ್ಬರದು ಮುಗಿಯೋ ಜಗಳ ಅಲ್ಲ.

ಮಳೆಹನಿ
ಎಲ್ಲ ಎರಡೆರಡು ಸಲ ಓದಿದೆ. ಬೇಜಾರಾಯ್ತು, ಆದರೆ ಇಲ್ಲದ ಕ್ರೀಮ್ ಹುಡುಕೋದು ನಿಲ್ಲಿಸಬಹುದು. ಸಿಸ್ಟರ್, ನೀವು ಭಾರ ಬೀಳದ ಹಾಗೆ ಮಾಡೋದು ಅಂದ್ರಲ್ಲ, ಅದೇ ತಲೆಯಲ್ಲಿ ಕೂತಿದೆ. ಅಪ್ಪ ಮನೆಯೊಳಗೆ ಬರಿಗಾಲಿನಲ್ಲೇ ಓಡಾಡ್ತಾರೆ. ನೋವೇ ಗೊತ್ತಾಗಲ್ಲ ಅವರಿಗೆ.

ಹಳೇ ಸಿಸ್ಟರ್
ನೋವು ಗೊತ್ತಾಗದಿರೋದೇ ದೊಡ್ಡ ತೊಂದರೆ, ಮಗಳೇ. ನಾವು ಕುಂಟುತ್ತೀವಿ, ಅವರು ಕುಂಟಲ್ಲ, ಅದೇ ಜಾಗ ಮತ್ತೆ ಮತ್ತೆ ಜಜ್ಜುತ್ತೆ. ಮೂರು ವಿಷಯ ಡಾಕ್ಟರ್ ಹತ್ತಿರ ಕೇಳು. ಭಾರ ತಪ್ಪಿಸೋ ಪಟ್ಟಿ ಅಥವಾ ಬೂಟು ಹಾಕಬಹುದಾ? ಕಾಲಿಗೆ ರಕ್ತ ಸರಿಯಾಗಿ ಬರ್ತಿದೆಯಾ ಅಂತ ನೋಡಿದ್ದಾರಾ? ಹುಣ್ಣಿನೊಳಗೆ ಕಡ್ಡಿ ಇಟ್ಟು ಮೂಳೆ ತಾಗುತ್ತಾ ಅಂತ ಪರೀಕ್ಷಿಸಿದ್ದಾರಾ? ಮೂಳೆಗೆ ಹೋಗಿದ್ದರೆ ಯಾವ ಮುಲಾಮೂ ಅಲ್ಲಿವರೆಗೆ ಇಳಿಯಲ್ಲ, ಕಪ್ಪೆಯದಾದರೂ ಅಷ್ಟೆ. ಜ್ವರ ಬಂದರೆ, ಕೆಂಪು ಮೇಲಕ್ಕೆ ಹರಡಿದರೆ, ಕಪ್ಪಾದರೆ ಅವತ್ತೇ ಹೋಗಿ, ಕಾಯಬೇಡಿ.

ಹುಣ್ಣಿನ ಅಳತೆ ಬರೆದಿಡ್ತಿದ್ದೀಯಾ?

ಮಳೆಹನಿ
ಇಲ್ಲ, ಕಣ್ಣಂದಾಜಲ್ಲೇ ನೋಡ್ತಿದ್ದೆ. ಹೇಗೆ ಮಾಡೋದು?

ಹಳೇ ಸಿಸ್ಟರ್
ಎರಡು ಪದರದ ಶುಭ್ರ ಪಾರದರ್ಶಕ ಹಾಳೆ ಇಟ್ಟು, ಮೇಲಿನ ಪದರದ ಮೇಲೆ ಮಾರ್ಕರಿನಲ್ಲಿ ಅಂಚು ಬರೆ. ಗಾಯ ಮುಟ್ಟಿದ ಕೆಳಗಿನ ಪದರ ಎಸೆದುಬಿಡು. ಮೇಲಿನದಕ್ಕೆ ತಾರೀಖು ಹಾಕಿ ಇಡು. ವಾರಕ್ಕೊಂದು.

ಮಳೆಹನಿ
ಇವತ್ತು ಬರೆದೆ. ಉದ್ದ 22 ಮಿ.ಮೀ., ಅಗಲ 15. ಒಂದು ಕಡೆ ಅಂಚು ಗಟ್ಟಿಯಾಗಿ ಬಿಳಿ ಇದೆ, ಅದು ಆಣಿ ಅನ್ಸುತ್ತೆ. ಇಷ್ಟು ದಿನ ಅದು ಹೊಸ ಚರ್ಮ ಬರ್ತಿದೆ ಅಂದುಕೊಂಡಿದ್ದೆ.

ಹಳೇ ಸಿಸ್ಟರ್
ಆಣಿಯೇ ಇರಬೇಕು. ನೀನು ಕತ್ತರಿಸೋಕೆ ಹೋಗಬೇಡ, ಅವರ ಹತ್ತಿರವೇ ತೆಗೆಸು. ನಾಲ್ಕು ವಾರದಲ್ಲಿ ಹುಣ್ಣಿನ ವಿಸ್ತಾರ ಅರ್ಧದಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಆ ನಾಲ್ಕೂ ಹಾಳೆ ಮೇಜಿನ ಮೇಲೆ ಇಟ್ಟು, ಮುಂದೇನು ಮಾಡ್ತೀರಾ ಅಂತ ಡಾಕ್ಟರನ್ನೇ ಕೇಳು.